‘ಊರಲ್ಲಿಲ್ಲ’ ಎಂಬ ಷರಾ ಬಿದ್ದ ಮಕ್ಕಳು

ಇಂಡಿ ಮತ್ತು ಸಿಂದಗಿ ತಾಲ್ಲೂಕುಗಳ 40 ಊರುಗಳಲ್ಲಿ ಸಂಜೆಯ ಓದಿನ ತರಗತಿ ನಡೆಸಬೇಕಿತ್ತು. ಹಣವಿದ್ದದ್ದು 20ಕ್ಕೆ. ಯಾವ 20 ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದೆವು, ಉಳಿದವಕ್ಕೆ ಮರುವರ್ಷ. ‘ನಮ್ಮೂರ ಮಕ್ಕಳು ಏನು ಪಾಪ ಮಾಡಿದ್ದಾರೆ ಸರ್?’ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಬ್ಬ ಅಧ್ಯಕ್ಷರು ಜಗಳಕ್ಕೇ ನಿಂತರು. ಮೆಕ್ಸಿಕೊ ಸರ್ಕಾರ 1997ರಲ್ಲಿ ಆರಂಭಿಸಿದ, ಮಕ್ಕಳನ್ನು ಶಾಲೆಗೆ ಕಳಿಸುವ ಬಡ ಕುಟುಂಬಗಳಿಗೆ ಹಣ ಕೊಡುವ ಪ್ರೊಗ್ರೆಸಾ ಯೋಜನೆಯನ್ನು 506 ಹಳ್ಳಿಗಳ ಪೈಕಿ 320ಕ್ಕೆ ಮೊದಲು ಕೊಟ್ಟು, 186ನ್ನು ಕಾಯಿಸಿ, ಎರಡನ್ನೂ ಹೋಲಿಸಿ ನೋಡಿದ ಕಥೆ ಹೇಳಿದೆ. ಅವರು ಆಕಳಿಸಿದರು. ಡಬ್ಬಿಯ ಚೀಟಿಗೆ ಯಾರ ಶಿಫಾರಸೂ ನಡೆಯುವುದಿಲ್ಲ ಎಂದಾಗ ಮಾತ್ರ ಒಪ್ಪಿದರು.

ಜುಲೈಯಲ್ಲಿ ಪ್ರತಿ ಮಗುವನ್ನೂ ಓದಿಸಿ ಅಕ್ಷರ, ಪದ, ಪ್ಯಾರಾ, ಕಥೆ ಎಂದು ಗುರುತು ಹಾಕಿದೆವು. ಫೆಬ್ರುವರಿಯಲ್ಲಿ ಮತ್ತೆ ಓದಿಸಿದೆವು. ತರಗತಿ ನಡೆದ ಊರಿಗೂ ನಡೆಯದ ಊರಿಗೂ ವ್ಯತ್ಯಾಸವೇ ಇಲ್ಲ! ಹಣ ಕೊಟ್ಟವರು ನಿಲ್ಲಿಸೋಣ ಎಂದರು. ನಾನೂ ಹೂಂ ಎನ್ನುವವನಿದ್ದೆ.

ತಡೆದದ್ದು ಪಟ್ಟಿಯಲ್ಲಿದ್ದ ಒಂದು ಷರಾ: ‘ಊರಲ್ಲಿಲ್ಲ’. ಚೀಟಿ ಬಾರದ ಊರುಗಳಲ್ಲಿ ಅದು ಹೆಚ್ಚಾಗಿತ್ತು. ದೀಪಾವಳಿಯ ಹೊತ್ತಿಗೆ ಮುಕಾದಮರಿಂದ (ಕೂಲಿಗೆ ಜನ ಒದಗಿಸುವ ಮೇಸ್ತ್ರಿಗಳಿಂದ) ಮುಂಗಡ ಪಡೆದ ಕುಟುಂಬಗಳು ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರದ ಕಡೆ ಗುಳೆ ಹೋಗುತ್ತವೆ. ತರಗತಿ ಇದ್ದ ಊರುಗಳಲ್ಲಿ ಕೆಲವರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗಿದ್ದರು. ತರಗತಿ ಇಲ್ಲದ ಊರುಗಳಲ್ಲಿ ಕರೆದುಕೊಂಡೇ ಹೋಗಿದ್ದರು. ಹೋದವರಲ್ಲಿ ಹೆಚ್ಚಿನವರು ಜುಲೈಯಲ್ಲೇ ಓದಲು ತಡವರಿಸಿದ್ದವರು. ಅವರು ಲೆಕ್ಕದಿಂದ ಬಿದ್ದುಹೋದಾಗ, ತರಗತಿ ಇಲ್ಲದ ಊರುಗಳಲ್ಲಿ ಉಳಿದವರ ಸರಾಸರಿ ತಾನಾಗಿ ಏರಿತ್ತು. ವಿಜಯಪುರ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನಾನು ಕಬ್ಬಿನ ಹಂಗಾಮಿನಲ್ಲಿ ಪರೀಕ್ಷೆ ಇಟ್ಟಿದ್ದೆ. ನಾಚಿಕೆಯಾಯಿತು.

ಹೋದವರನ್ನೆಲ್ಲ ಹುಡುಕುವುದು ಆಗದ ಮಾತು. ಮತ್ತೆ ಚೀಟಿ ಎತ್ತಿ, ಎರಡೂ ಬಗೆಯ ಊರುಗಳಿಂದ ನಾಲ್ವರಲ್ಲಿ ಒಬ್ಬರ ಬೆನ್ನು ಹತ್ತಿದೆವು. ಸಿಕ್ಕ ಒಬ್ಬರನ್ನು ಲೆಕ್ಕದಲ್ಲಿ ನಾಲ್ವರೆಂದು ಹಿಡಿದೆವು. ಕೊಲ್ಹಾಪುರ ಜಿಲ್ಲೆಯ ಶಿರೋಳದ ಬಳಿ ಒಂದು ಗುಡಿಸಲ ಮುಂದೆ ತಮ್ಮನನ್ನು ಕಂಕುಳಲ್ಲಿ ಹೊತ್ತ ನಾಲ್ಕನೇ ತರಗತಿಯ ಹುಡುಗಿ ಸಿಕ್ಕಳು. ಕೈ ಅಂಟಾಗಿದೆ ಎಂದು ಹಾಳೆ ಮುಟ್ಟಲಿಲ್ಲ. ನಾನೇ ಹಿಡಿದು ನಿಂತೆ. ಜುಲೈಯಲ್ಲಿ ಪದ ಓದಿದ್ದವಳು ಈಗ ‘ಟ’ ಮತ್ತು ‘ಠ’ಗಳ ನಡುವೆ ಸಿಕ್ಕಿಕೊಂಡಳು. ‘ಅಕ್ಷರ’ ಎಂದು ಗುರುತು ಹಾಕಿದೆ. ‘ಪಾಸಾದೆನೇ ಸರ್?’ ಎಂದು ಕೇಳಿದಳು.

ಆ ಮಕ್ಕಳನ್ನು ಸೇರಿಸಿದ ಮೇಲೆ ತರಗತಿಯ ಊರುಗಳು ಮುಂದಿದ್ದವು. ಆದರೆ ಆ ಲಾಭದಲ್ಲಿ ಕಲಿಸಿದ್ದರ ಪಾಲೆಷ್ಟು, ಮಕ್ಕಳು ಊರಲ್ಲೇ ಉಳಿದದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ನಮ್ಮ ಲೆಕ್ಕಕ್ಕೆ ಆಗಲಿಲ್ಲ. ವರದಿಯಲ್ಲಿ ಹಾಗೆಯೇ ಬರೆದೆ. ಸಭೆಯಲ್ಲಿ ತರಗತಿ ಉಳಿಯಿತು. ಹೊಸ ಅಭ್ಯಾಸ ಪುಸ್ತಕಗಳಿಗೆಂದು ಇಟ್ಟಿದ್ದ ಹಣ, ಅಜ್ಜಿಯರ ಬಳಿ ಉಳಿಯುವ ಮಕ್ಕಳ ರಾತ್ರಿಯೂಟಕ್ಕೆ ಹೋಯಿತು.

ಜೂನ್‌ನಲ್ಲಿ ಆ ಅಧ್ಯಕ್ಷರ ಫೋನ್ ಬಂತು. ‘ಡಬ್ಬಿ ತರಬೇಡಿ ಸರ್, ಈ ಸಲ ನಮ್ಮ ಪಾಳಿ.’