ಅಗಲ ನಿಬ್ಬಿನ ಪೆನ್ನು ಪಳಗಿಸುವುದು ಹೇಗೆ?

ಬಾಲ್ ಪೆನ್ನಿನಲ್ಲಿ ಬರೆದು ಬರೆದು ನಮ್ಮ ಬೆರಳುಗಳಿಗೆ ಒಂದು ಚಟ ಅಂಟಿದೆ: ಒತ್ತುವುದು. ಗೋಲಿ ಉರುಳಿ ಗಟ್ಟಿ ಶಾಯಿ ಇಳಿಯಬೇಕಾದರೆ ಅಷ್ಟೋ ಇಷ್ಟೋ ಭಾರ ಹಾಕಲೇಬೇಕು. ಅದೇ ಕೈಯಲ್ಲಿ ಕ್ಯಾಲಿಗ್ರಫಿಯ, ಅಂದರೆ ಅಕ್ಷರ ಚೆಂದಗೊಳಿಸಿ ಬರೆಯುವ ಕಲೆಯ, ಅಗಲ ನಿಬ್ಬಿನ ಪೆನ್ನು ಹಿಡಿದರೆ ಮೊದಲ ಸಾಲಿನಲ್ಲೇ ಜಗಳ ಶುರುವಾಗುತ್ತದೆ. ಗೆರೆಯ ಒಂದು ಅಂಚು ನುಣುಪು, ಇನ್ನೊಂದು ಇಲಿ ಕಡಿದಂತೆ. ಪೆನ್ನೇ ಸರಿಯಿಲ್ಲ ಎಂದು ಅಲ್ಲಿಗೇ ಮೂಲೆಗಿಡುವವರು ಬಹಳ. ಸಾಮಾನ್ಯವಾಗಿ ಪೆನ್ನು ಸರಿಯಾಗಿಯೇ ಇರುತ್ತದೆ. ಅಗಲ ನಿಬ್ಬಿಗೆ ಬೇಕಾದ್ದು ಓರೆ. ನಿಬ್ಬಿನ ಅಂಚನ್ನು ಒಂದೇ ಕೋನದಲ್ಲಿ ಕಾದುಕೊಂಡು ಕೈ ಆಡಿಸಿದರೆ ಸಾಕು, ದಪ್ಪ ಎಲ್ಲಿ, ತೆಳು ಎಲ್ಲಿ ಎಂಬುದನ್ನು ನಿಬ್ಬೇ ನೋಡಿಕೊಳ್ಳುತ್ತದೆ. ಈ ಲೇಖನದ ಮುಕ್ಕಾಲು ಪಾಲು ಆ ಓರೆಯದ್ದೇ ಮಾತು.

ಯಾವ ಪೆನ್ನಿನಿಂದ ಶುರು ಮಾಡಬೇಕು?

ಅಂಗಡಿಯಲ್ಲಿ ಕ್ಯಾಲಿಗ್ರಫಿ ಪೆನ್ನು ಎಂದು ಕೇಳಿದರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಬಗೆ ಮುಂದಿಡುತ್ತಾರೆ. ಉಳಿಯಂತೆ ಚಪ್ಪಟೆ ತುದಿಯ ಮಾರ್ಕರ್ ಒಂದು. ಚಪ್ಪಟೆಯಾಗಿ ಕತ್ತರಿಸಿದ ನಿಬ್ಬಿರುವ ಫೌಂಟನ್ ಪೆನ್ನು ಇನ್ನೊಂದು. ಇದರ ನಿಬ್ಬು ಹೆಚ್ಚಾಗಿ 1.1, 1.5, 1.9 ಮಿ.ಮೀ. ಅಗಲದಲ್ಲಿ ಸಿಗುತ್ತದೆ. ಮೂರನೆಯದು ಎರಡು ಲೋಹದ ತಗಡುಗಳನ್ನು ಜೋಡಿಸಿ, ನಡುವಿನ ಸಂದಿಯಿಂದ ಶಾಯಿ ಇಳಿಯುವಂತೆ ಮಾಡಿದ ಪೆನ್ನು. ಪೈಲಟ್ ಪ್ಯಾರಲಲ್ ಈ ಜಾತಿಯದು, 1.5, 2.4, 3.8, 6.0 ಮಿ.ಮೀ. ಅದರ ಪರಿಚಿತ ಅಳತೆಗಳು. ನಾಲ್ಕನೆಯದು ಹಿಡಿಕೆಗೆ ನಿಬ್ಬು ಸಿಕ್ಕಿಸಿ ಶಾಯಿಯಲ್ಲಿ ಅದ್ದಿ ಬರೆಯುವ ಅದ್ದುಪೆನ್ನು. ಇದರಲ್ಲಿ ಮತ್ತೆ ಅಗಲ ನಿಬ್ಬು, ಚೂಪು ನಿಬ್ಬು ಎಂಬ ಎರಡು ಒಳಜಾತಿ.

ಹೊಸಬರಿಗೆ ನಮ್ಮ ಸಲಹೆ 3.8 ಮಿ.ಮೀ. ತಗಡಿನ ಪೆನ್ನು. ಅದು ಸಿಗದಿದ್ದರೆ 3ರಿಂದ 5 ಮಿ.ಮೀ. ಅಗಲದ ಮಾರ್ಕರ್. ಅಷ್ಟು ದಪ್ಪ ಯಾಕೆ ಎನ್ನಬಹುದು. 1.1ರ ನಿಬ್ಬಿನಲ್ಲಿ ಕೋನ ಹತ್ತು ಡಿಗ್ರಿ ತಪ್ಪಿದರೂ ಕಣ್ಣಿಗೆ ಬೀಳುವುದಿಲ್ಲ, ತಪ್ಪು ಹಾಗೇ ಅಭ್ಯಾಸವಾಗಿಬಿಡುತ್ತದೆ. 3.8ರಲ್ಲಿ ಅದೇ ತಪ್ಪು ಮಾರು ದೂರದಿಂದ ಕಾಣುತ್ತದೆ. ಕೈ ಕುದುರಿದ ಮೇಲೆ 2.4ಕ್ಕೆ, ಆಮೇಲೆ 1.5ಕ್ಕೆ ಇಳಿಯಿರಿ. ಹತ್ತು ನಿಬ್ಬು, ಆರು ಬಣ್ಣ ಇರುವ ಉಡುಗೊರೆ ಪೆಟ್ಟಿಗೆ ಮೊದಲಿಗೇ ಬೇಡ. ಅದರಲ್ಲಿ ಎಂಟು ನಿಬ್ಬು ತುಕ್ಕು ಹಿಡಿಯುವುದು ಖಚಿತ.

ಕಾಗದ ಮತ್ತು ಶಾಯಿ

ಪೆನ್ನಿಗಿಂತ ಹೆಚ್ಚು ಬರಹ ಕೆಡಿಸುವುದು ಕಾಗದ. ಅಂಟುಲೇಪ ಕಡಿಮೆಯಿರುವ ಹಾಳೆಯಲ್ಲಿ ಶಾಯಿ ನಾರಿನ ಗುಂಟ ಹರಿದು, ಗೆರೆ ಬೇರು ಬಿಟ್ಟಂತೆ ಕಾಣುತ್ತದೆ. ಜೆರಾಕ್ಸ್ ಹಾಳೆಗಳಲ್ಲಿ ಈ ತೊಂದರೆ ಹೆಚ್ಚು. 90ರಿಂದ 120 ಜಿ.ಎಸ್.ಎಂ. (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, ನುಣುಪಾದರೂ ಹೊಳಪಿಲ್ಲದ ಹಾಳೆ ನೋಡಿ. ಕೊಳ್ಳುವ ಮುನ್ನ ಒಂದು ದಪ್ಪ ಗೆರೆ ಎಳೆದು, ಒಣಗಿದ ಮೇಲೆ ಅಂಚು ನೋಡಿ, ಹಾಳೆ ಮಗುಚಿ ಬೆನ್ನು ನೋಡಿ. ಬೆನ್ನಿಗೆ ಚುಕ್ಕೆ ಇಳಿದಿದ್ದರೆ ಆ ಹಾಳೆ ಬೇಡ. ತೂಕವೊಂದನ್ನೇ ನಂಬಿಯೂ ಪ್ರಯೋಜನವಿಲ್ಲ. ದಪ್ಪ ಹಾಳೆಯೂ ಲೇಪ ಸರಿಯಿಲ್ಲದಿದ್ದರೆ ಶಾಯಿ ಕುಡಿಯುತ್ತದೆ.

ಶಾಯಿಯ ವಿಷಯದಲ್ಲಿ ಮರೆಯಬಾರದ್ದು ಒಂದೇ. ಒಳಗೆ ಶಾಯಿ ತುಂಬುವ ಯಾವ ಪೆನ್ನಿಗೂ ಫೌಂಟನ್ ಪೆನ್ ಶಾಯಿ ಬಿಟ್ಟು ಬೇರೇನೂ ಹಾಕಬಾರದು. ‘ಡ್ರಾಯಿಂಗ್ ಇಂಕ್’, ‘ಇಂಡಿಯನ್ ಇಂಕ್’ ಎಂಬ ಚೀಟಿಯ ಸೀಸೆಗಳಲ್ಲಿ ಅರಗು ಅಥವಾ ಅಕ್ರಿಲಿಕ್ ಸೇರಿರುತ್ತದೆ. ಒಣಗಿದ ಮೇಲೆ ಅದು ನೀರಿಗೆ ಕರಗುವುದಿಲ್ಲ, ಶಾಯಿ ಇಳಿಯುವ ಸಣ್ಣ ಕಾಲುವೆಗಳನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಅಂಥ ಶಾಯಿ ಅದ್ದುಪೆನ್ನಿಗೆ ಸರಿ, ಬರೆದ ತಕ್ಷಣ ತೊಳೆಯುವವರಿಗೆ ಮಾತ್ರ.

ಗೆರೆ ಹಾಕುವುದು

ಕ್ಯಾಲಿಗ್ರಫಿಯಲ್ಲಿ ಅಕ್ಷರದ ಎತ್ತರ ಅಳೆಯುವುದು ನಿಬ್ಬಿನ ಅಗಲದಿಂದ. ನಿಬ್ಬನ್ನು ನೆಟ್ಟಗೆ ನಿಲ್ಲಿಸಿ, ಅಂದರೆ ಅದರ ಅಂಚು ಅಕ್ಷರ ಕೂರುವ ಕೆಳಗೆರೆಗೆ ಲಂಬವಾಗುವಂತೆ ಹಿಡಿದು, ನಿಬ್ಬಿನಗಲದಷ್ಟೇ ಅಡ್ಡಕ್ಕೆ ಎಳೆದು ಒಂದು ಪುಟ್ಟ ಚೌಕ ಮಾಡಿ. ಅದರ ತಲೆಯ ಮೇಲೆ, ಪಕ್ಕಕ್ಕೆ ಸರಿಸಿ ಇನ್ನೊಂದು. ಹೀಗೆ ಚದುರಂಗದ ಮಣೆಯ ಮನೆಗಳಂತೆ ಒಂದರ ಮೇಲೊಂದು ಏರಿಸುತ್ತ ಹೋದರೆ ಒಂದು ಏಣಿ ಆಗುತ್ತದೆ. ಇಂಗ್ಲಿಷಿನ ದುಂಡು ಬರಹಕ್ಕೆ ನಾಲ್ಕು ಮೆಟ್ಟಿಲು, ಇಟಾಲಿಕ್‌ಗೆ ಐದು.

ಕನ್ನಡಕ್ಕೆ ಇಷ್ಟರಲ್ಲಿ ಮುಗಿಯುವುದಿಲ್ಲ. ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತಕ್ಷರ. ಮೂಲ ಅಕ್ಷರಕ್ಕೆ 4, ಮೇಲೆ 2, ಕೆಳಗೆ 4, ಒಟ್ಟು ಸಾಲಿಗೆ 10 ನಿಬ್ಬಿನಗಲ ಕೊಡಿ. 3.8ರ ನಿಬ್ಬಿಗೆ ಅಕ್ಷರದ ಎತ್ತರ 15.2 ಮಿ.ಮೀ., ಸಾಲಿನ ಜಾಗ 38 ಮಿ.ಮೀ. ಎ4 ಹಾಳೆಯಲ್ಲಿ ಆರು ಸಾಲು ಹಿಡಿಸಿದರೆ ಹೆಚ್ಚು. 2.4ರಲ್ಲಿ ಸಾಲಿಗೆ 24 ಮಿ.ಮೀ., ಹತ್ತು ಸಾಲು ಬರುತ್ತದೆ. ಕೆಳಗಿನ ಜಾಗದಲ್ಲಿ ಜಿಪುಣತನ ಮಾಡಿದರೆ ‘ಸ್ತ್ರೀ’ ಬರೆಯುವಾಗ ಗೊತ್ತಾಗುತ್ತದೆ: ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಒತ್ತು ಹೋಗಿ ಕೂತಿರುತ್ತದೆ.

ಪ್ರತಿ ಹಾಳೆಗೂ ಗೆರೆ ಹಾಕುತ್ತ ಕೂರುವುದು ಬೇಡ. ಒಂದು ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಗಾಢವಾಗಿ ಗೆರೆ ಹಾಕಿಟ್ಟು ಅದನ್ನು ಅಡಿಗಿಟ್ಟುಕೊಳ್ಳಿ, 90 ಜಿ.ಎಸ್.ಎಂ. ಹಾಳೆಯೊಳಗಿಂದ ಕಾಣುತ್ತದೆ. ಅದರ ಕೆಳಗೆ ಇನ್ನೂ ಐದಾರು ಹಾಳೆ ಹಾಸಿ. ಗಟ್ಟಿ ಮೇಜಿನ ಮೇಲೆ ಒಂಟಿ ಹಾಳೆ ಇಟ್ಟು ಬರೆದರೆ ನಿಬ್ಬಿನ ಅಂಚು ಪೂರ್ತಿ ಕೂರುವುದಿಲ್ಲ. ಸ್ವಲ್ಪ ಮೆತ್ತೆ ಇದ್ದರೆ ಕೂರುತ್ತದೆ.

ಓರೆ ಕಾಯುವುದು

ಅಗಲ ನಿಬ್ಬಿನ ವಿದ್ಯೆಯನ್ನು ಹೊಸ ಕಾಲಕ್ಕೆ ಮರಳಿ ತಂದವರಲ್ಲಿ ಮುಖ್ಯ ಹೆಸರು ಎಡ್ವರ್ಡ್ ಜಾನ್‌ಸ್ಟನ್ ಅವರದು. ಹಳೆಯ ಹಸ್ತಪ್ರತಿಗಳನ್ನು ನೋಡಿ ನೋಡಿ, ಬರೆದವರು ಪೆನ್ನು ಹೇಗೆ ಹಿಡಿದಿರಬೇಕು ಎಂದು ಲೆಕ್ಕ ಹಾಕಿದ ಅವರು, 1899ರಲ್ಲಿ ಲಂಡನ್ನಿನಲ್ಲಿ ಪಾಠ ಹೇಳಲು ಶುರು ಮಾಡಿದರು. ಹತ್ತನೆಯ ಶತಮಾನದ ಒಂದು ಹಸ್ತಪ್ರತಿಯನ್ನು ಆಧರಿಸಿ ಅವರು ರೂಪಿಸಿದ ದುಂಡು ಬರಹದ ಕೋನ ಸುಮಾರು 30 ಡಿಗ್ರಿ. ದುಂಡಗಿರುವ ಕನ್ನಡಕ್ಕೂ ಇದೇ ಕೋನ ಚೆನ್ನಾಗಿ ಒಗ್ಗುತ್ತದೆ.

30 ಡಿಗ್ರಿ ಎಂದರೆ, ನಿಬ್ಬಿನ ಅಂಚಿನ ಎಡತುದಿ ಕೆಳಗೆ, ಬಲತುದಿ ಮೇಲೆ. ಅಂಚಿಗೂ ಕೆಳಗೆರೆಗೂ ನಡುವೆ 30 ಡಿಗ್ರಿ. ಪೆನ್ನಿನ ಹಿಡಿಕೆ ಹಾಳೆಯ ಮೇಲೆ ಎಷ್ಟು ವಾಲಿದೆ ಎಂಬುದು ಬೇರೆ ಮಾತು, ಅದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಕೋನಮಾಪಕ ಇಟ್ಟು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಓರೆ ಗೆರೆ ಹಾಕಿಟ್ಟುಕೊಳ್ಳಿ. ಪ್ರತಿ ಸಾಲಿನ ಮೊದಲು ನಿಬ್ಬನ್ನು ಅದರ ಮೇಲೊಮ್ಮೆ ಕೂರಿಸಿ ನೋಡಿ.

ಸರಿಯಿದೆಯೇ ಎಂದು ತಿಳಿಯಲು ಕೂಡಿಸುವ ಚಿಹ್ನೆ ಬರೆಯಿರಿ. ಕೋನ 45 ಇದ್ದರೆ ಉದ್ದ ಗೆರೆ, ಅಡ್ಡ ಗೆರೆ ಎರಡೂ ಒಂದೇ ದಪ್ಪ, 3.8ರ ನಿಬ್ಬಿನಲ್ಲಿ ಎರಡೂ 2.7 ಮಿ.ಮೀ. ಕೋನ 30 ಇದ್ದರೆ ಉದ್ದ ಗೆರೆ 3.3, ಅಡ್ಡ ಗೆರೆ 1.9. ಅಂದರೆ ತಲೆಕಟ್ಟು ನಿಬ್ಬಿನ ಅರ್ಧದಷ್ಟೇ ದಪ್ಪ ಬರಬೇಕು. ಅದಕ್ಕಿಂತ ದಪ್ಪ ಬಂದರೆ ಕೋನ ಏರಿದೆ, ತೀರ ಸಣ್ಣದಾದರೆ ಇಳಿದಿದೆ. ಅಕ್ಷರದ ಚೆಂದಕ್ಕಿಂತ ಮೊದಲು ಸ್ಕೇಲು ಹಿಡಿದು ಇದನ್ನು ಅಳೆದು ನೋಡುವುದೇ ಒಳ್ಳೆಯದು.

ಮೊದಲ ಎರಡು ಪುಟ ಅಕ್ಷರವೇ ಬೇಡ. ಉದ್ದ ಗೆರೆ, ಅಡ್ಡ ಗೆರೆ, ಹಾವಿನಂತೆ ಹರಿಯುವ ಅಂಕುಡೊಂಕು. ಗೆರೆ ಎಳೆಯುವಾಗ ಬೆರಳು ಮಡಚಬಾರದು, ಇಡೀ ತೋಳು ಜರುಗಬೇಕು. ಬೆರಳು ಮಡಚಿದರೆ ಪೆನ್ನು ತಿರುಗುತ್ತದೆ, ಪೆನ್ನು ತಿರುಗಿದರೆ ಕೋನ ಹೋಯಿತು.

ಸೊನ್ನೆಯಿಂದ ರ, ರದಿಂದ ಠ

ಈಗ ಸೊನ್ನೆ. ಬಾಲ್ ಪೆನ್ನಿನಲ್ಲಿ ಒಂದೇ ಸುತ್ತಿಗೆ ಮುಗಿಸುತ್ತೇವೆ. ಅಗಲ ನಿಬ್ಬಿನಲ್ಲಿ ಎರಡು ಎಳೆತ ಬೇಕು, ಏಕೆಂದರೆ ಈ ನಿಬ್ಬು ಕೆಳಕ್ಕೂ ಬಲಕ್ಕೂ ಎಳೆದರೆ ಹರಿಯುತ್ತದೆ, ಮೇಲಕ್ಕೆ ತಳ್ಳಿದರೆ ಕಾಗದಕ್ಕೆ ಸಿಕ್ಕಿಕೊಂಡು ಶಾಯಿ ಸಿಡಿಸುತ್ತದೆ.

ಸೊನ್ನೆಯನ್ನು ಗಡಿಯಾರ ಎಂದುಕೊಳ್ಳಿ. ನಿಬ್ಬನ್ನು 30 ಡಿಗ್ರಿಯಲ್ಲಿ 11 ಗಂಟೆಯ ಜಾಗದಲ್ಲಿ ಇಡಿ. ಎಡಗಡೆಯಿಂದ ಸುತ್ತಿ 5 ಗಂಟೆಯವರೆಗೆ ಎಳೆಯಿರಿ. ಕೂದಲೆಳೆಯಂತೆ ಶುರುವಾದ ಗೆರೆ 8 ಗಂಟೆಯ ಹತ್ತಿರ ಪೂರ್ತಿ ದಪ್ಪವಾಗಿ, 5ಕ್ಕೆ ಬರುವಾಗ ಮತ್ತೆ ಕೂದಲೆಳೆ. ಪೆನ್ನೆತ್ತಿ. ಮತ್ತೆ 11ರಲ್ಲೇ ಇಟ್ಟು ಈಗ ಬಲಗಡೆಯಿಂದ ಇಳಿಸಿ. 2 ಗಂಟೆಯಲ್ಲಿ ದಪ್ಪ, 5ರಲ್ಲಿ ಮೊದಲಿನ ತುದಿಗೆ ಹೋಗಿ ಸೇರುತ್ತದೆ. ಎರಡು ತೆಳು ತುದಿಗಳು ಒಂದರೊಳಗೊಂದು ಜಾರಿ ಬೆಸುಗೆ ಕಾಣದಂತೆ ಕೂಡಿಕೊಳ್ಳುವ ಆ ಗಳಿಗೆಗೆ ಕೈ ಒಮ್ಮೆ ಮರುಳಾದರೆ ಮತ್ತೆ ಬಾಲ್ ಪೆನ್ನು ರುಚಿಸುವುದು ಕಷ್ಟ. ಬೆಸುಗೆಯಲ್ಲಿ ಗಂಟು ಬಿದ್ದರೆ, ಎರಡನೆಯ ಎಳೆತದಲ್ಲಿ ಕೋನ ಬದಲಾಗಿದೆ ಎಂದರ್ಥ.

ಸೊನ್ನೆ ಕೂತ ಮೇಲೆ ರ ಸುಲಭ: ಅದೇ ಎರಡು ಬಾಗು, ಮೇಲೆ ತಲೆಕಟ್ಟು. ತಲೆಕಟ್ಟನ್ನು ಕೊನೆಗೆ ಎಳೆಯಿರಿ, ಎಡದಿಂದ ಬಲಕ್ಕೆ, ಒಂದೇ ಉಸಿರಿನಲ್ಲಿ. ರದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ಠ. ಚುಕ್ಕೆಯನ್ನೂ ಕುಟ್ಟಬೇಡಿ, ಕೋನ ಬಿಡದೆ ಒಂದು ನಿಬ್ಬಿನಗಲದಷ್ಟು ಕೆಳಗೆ ಬಲಕ್ಕೆ ಎಳೆದರೆ ಹರಳಿನಂಥ ಚೌಕ ಬೀಳುತ್ತದೆ. ಆಮೇಲೆ ಗ, ನ, ಸ. ಬಾಗುಗಳು ಒಂದರೊಳಗೊಂದು ಹೊಕ್ಕಿರುವ ಇ, ಈ, ಋ, ಞ ಕೊನೆಗಿರಲಿ.

ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದ ಕನ್ನಡಕ್ಕೆ ದಪ್ಪ-ತೆಳುವಿನ ಹಂಗಿರಲಿಲ್ಲ. ಹಾಗಾಗಿ ಕೆಲವು ಅಕ್ಷರಗಳಿಗೆ ಎಳೆತದ ಕ್ರಮವನ್ನು ಬರೆಯುವವರೇ ಕಂಡುಕೊಳ್ಳಬೇಕಾಗುತ್ತದೆ. ಅದಕ್ಕೊಂದು ಅಗ್ಗದ ಉಪಾಯವಿದೆ. ಎರಡು ಪೆನ್ಸಿಲ್‌ಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಮೊನೆಗಳ ನಡುವೆ ಸುಮಾರು 8 ಮಿ.ಮೀ. ಅಂತರ ಬರುವಂತೆ ಮಾಡಿ. ಎರಡು ಮೊನೆಗಳೂ ಸೇರಿ ಒಂದು ದೊಡ್ಡ ನಿಬ್ಬಿನಂತೆ ಬರೆಯುತ್ತವೆ. ಗೆರೆಗಳು ಎಲ್ಲಿ ದೂರವಾಗುತ್ತವೋ ಅಲ್ಲಿ ದಪ್ಪ, ಎಲ್ಲಿ ಒಂದನ್ನೊಂದು ದಾಟುತ್ತವೋ ಅಲ್ಲಿ ತೆಳು. ಅಕ್ಷರದ ಎಲುಬುಗೂಡೇ ಕಣ್ಣಮುಂದೆ ಬರುತ್ತದೆ, ಶಾಯಿಯ ಖರ್ಚೂ ಇಲ್ಲ.

ಎಡಗೈಯವರು ಎಡಕ್ಕೆ ಓರೆಯಾಗಿ ಕತ್ತರಿಸಿದ ನಿಬ್ಬು ಹುಡುಕಿ. ಸಿಗದಿದ್ದರೆ ಹಾಳೆಯನ್ನೇ ತಿರುಗಿಸಿಕೊಂಡು, ಕೈ ಸಾಲಿನ ಕೆಳಗೆ ಇರುವಂತೆ ಕೂತರೆ ಕೋನವೂ ಸಿಗುತ್ತದೆ, ಬರೆದದ್ದು ಅಳಿಸಿಹೋಗುವುದೂ ತಪ್ಪುತ್ತದೆ.

ಕೈ ಕೊಡುವುದು ಎಲ್ಲಿ?

ಒಂದು ಅಂಚು ಹರಿದಂತೆ ಬರುವುದು ಎಲ್ಲರ ಮೊದಲ ದೂರು. ಬಲ ಅಂಚು ಹರಿದಿದ್ದರೆ ನಿಬ್ಬಿನ ಬಲಮೂಲೆ ಕಾಗದ ಬಿಟ್ಟು ಎದ್ದಿದೆ, ಎಡ ಅಂಚಾದರೆ ಎಡಮೂಲೆ. ಇಲ್ಲಿ ಒತ್ತಿದರೆ ಕೆಲಸ ಕೆಡುತ್ತದೆ. ಪೆನ್ನನ್ನು ಬೆರಳುಗಳ ನಡುವೆ ಕೂದಲೆಳೆಯಷ್ಟು ಹೊರಳಿಸಿ, ಶಾಯಿ ಪೂರ್ತಿ ಅಗಲಕ್ಕೆ ಹರಡುವವರೆಗೆ ನಿಬ್ಬನ್ನು ಜಾಗದಲ್ಲೇ ಅತ್ತಿತ್ತ ಅಲುಗಿಸಿ, ಆಮೇಲೆ ಎಳೆಯಿರಿ.

ಗೆರೆಯ ಆರಂಭದಲ್ಲಿ ಶಾಯಿ ಬಾರದೆ ಆಮೇಲೆ ಬಂದರೆ ತುದಿ ಒಣಗಿದೆ, ಇಲ್ಲವೇ ಹಾಳೆಗೆ ಬೆರಳಿನ ಜಿಡ್ಡು ಹತ್ತಿದೆ. ಜಿಡ್ಡಿನ ಮೇಲೆ ಶಾಯಿ ನಿಲ್ಲುವುದಿಲ್ಲ. ಪುಟದ ಕೆಳಭಾಗಕ್ಕೆ ಬಂದಂತೆ ಬರಹ ಕೆಡುತ್ತ ಹೋದರೆ ಕಾರಣ ಇದೇ. ಅಂಗೈ ಕೆಳಗೆ ಒಂದು ತುಂಡು ಕಾಗದ ಇಟ್ಟುಕೊಂಡರೆ ಮುಗಿಯಿತು.

ಹೊಸ ಅದ್ದುನಿಬ್ಬಿನ ಮೇಲೆ ಶಾಯಿ ಎಲೆಯ ಮೇಲಿನ ನೀರಿನಂತೆ ಹನಿಗಟ್ಟುತ್ತದೆ. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಬಳಿದ ಎಣ್ಣೆ ಅದು. ಪಾತ್ರೆ ತೊಳೆಯುವ ಸೋಪು ಅಥವಾ ಟೂತ್‌ಪೇಸ್ಟ್ ಹಚ್ಚಿ ಹಳೆ ಬ್ರಷ್ಷಿನಿಂದ ಉಜ್ಜಿ ತೊಳೆದರೆ ಹೋಗುತ್ತದೆ. ಬೆಂಕಿಗೆ ಹಿಡಿಯುವವರೂ ಇದ್ದಾರೆ. ಒಂದೆರಡು ಸೆಕೆಂಡು ಹೆಚ್ಚಾದರೂ ಉಕ್ಕಿನ ಹದ ಹೋಗುತ್ತದೆ, ಹಾಗಾಗಿ ಸೋಪೇ ಮೇಲು.

ಚೂಪು ನಿಬ್ಬಿನದ್ದು ಬೇರೆಯೇ ವಿದ್ಯೆ. ಅಲ್ಲಿ ದಪ್ಪ ಬರುವುದು ನಿಬ್ಬಿನ ಸೀಳು ಒತ್ತಡಕ್ಕೆ ಬಾಯಿ ಬಿಡುವುದರಿಂದ. ಕೆಳಗೆಳೆಯುವಾಗ ಮಾತ್ರ ಭಾರ, ಮೇಲೇರುವಾಗ ಗರಿಯಷ್ಟು ಹಗುರ. ಎರಡನ್ನೂ ಒಂದೇ ತಿಂಗಳಲ್ಲಿ ಕಲಿಯಹೊರಟರೆ ಕೈಗೆ ಎರಡೂ ದಕ್ಕುವುದಿಲ್ಲ.

ದಿನದ ಬರಹಕ್ಕೆ

ಪತ್ರಕ್ಕೆ, ದಿನಚರಿಗೆ 1.1ರ ಚಪ್ಪಟೆ ನಿಬ್ಬಿನ ಫೌಂಟನ್ ಪೆನ್ನು ಹಿತ. ಆದರೆ ಲೆಕ್ಕ ನೆನಪಿರಲಿ: 10 ನಿಬ್ಬಿನಗಲ ಎಂದರೆ ಸಾಲಿಗೆ 11 ಮಿ.ಮೀ. ಸಾಲುಗಳ ಅಂತರ 8 ಮಿ.ಮೀ. ಇರುವ ನೋಟ್‌ಬುಕ್ಕಿನಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ನುಗ್ಗುತ್ತವೆ. ಗೆರೆಯಿಲ್ಲದ ಹಾಳೆಗೆ ನಿಮ್ಮದೇ ಗೆರೆಹಾಳೆ ಅಡಿಗಿಡಿ, ಇಲ್ಲವೇ ಒಂದು ಸಾಲು ಬಿಟ್ಟು ಬರೆಯಿರಿ. ವೇಗ ಮೊದಲಿನ ಅರ್ಧಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ತರಾತುರಿಯಲ್ಲಿ ಬರೆಯುವ ಟಿಪ್ಪಣಿಗೆ ಹಳೆಯ ಪೆನ್ನೇ ಇರಲಿ.

ತೊಳೆದಿಡುವುದು

ಶಾಯಿಯ ಬಣ್ಣ ಬದಲಿಸುವಾಗ, ವಾರಗಟ್ಟಲೆ ಬರೆಯದೆ ಇಡುವ ಮುನ್ನ ಪೆನ್ನು ತೊಳೆಯಬೇಕು. ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು ಸಾಕು. ಬಿಸಿನೀರಿಗೆ ಒಳಗಿನ ಪ್ಲಾಸ್ಟಿಕ್ ಸೊಟ್ಟಗಾಗಬಹುದು. ತಗಡಿನ ಪೆನ್ನಾದರೆ ಅದರ ಜೊತೆ ಬರುವ ತೆಳು ಫಿಲ್ಮ್ ಹಾಳೆಯನ್ನು ಎರಡು ತಗಡುಗಳ ಸಂದಿಗೆ ತೂರಿಸಿ ಒಮ್ಮೆ ಅತ್ತಿತ್ತ ಎಳೆಯಿರಿ. ಅಲ್ಲಿ ಸಿಕ್ಕಿಕೊಂಡ ಕಾಗದದ ನಾರು ಹೊರಬರುತ್ತದೆ. ಗೆರೆಯ ನಡುವೆ ಬಿಳಿ ಪಟ್ಟೆ ಬರುವುದು ಹೆಚ್ಚಾಗಿ ಈ ನಾರಿನಿಂದಲೇ. ಅದ್ದುನಿಬ್ಬನ್ನು ಬರೆಯುತ್ತಿರುವಾಗಲೇ ಹತ್ತು ನಿಮಿಷಕ್ಕೊಮ್ಮೆ ಒರೆಸಿ, ಮುಗಿದ ಮೇಲೆ ತೊಳೆದು, ಒಣಬಟ್ಟೆಯಲ್ಲಿ ತೇವವಿಲ್ಲದಂತೆ ಒತ್ತಿ ಇಡಿ.

ತೊಳೆದ ಪೆನ್ನಿನ ನಿಬ್ಬನ್ನು ಮಡಚಿದ ಟಿಶ್ಯೂ ಕಾಗದದ ಮೇಲೆ ಅರ್ಧ ನಿಮಿಷ ನಿಲ್ಲಿಸಿ. ಬಣ್ಣದ ಕಲೆ ಮೂಡಿದರೆ ಮತ್ತೊಮ್ಮೆ ನೀರಿಗೆ. ಬರೀ ನೀರಿನ ತೇವ ಕಂಡರೆ, ರಾತ್ರಿಯಿಡೀ ಮುಚ್ಚಳ ತೆಗೆದಿಟ್ಟು ಬೆಳಿಗ್ಗೆ ಮುಚ್ಚಿ.