ಕಾರಿನೊಳಗಿನ ಎಲ್‌ಇಡಿ ಮೆಲ್ಲಗೆ ಆರುವ ಹಾಗೆ ಮಾಡಿಕೊಂಡೆ

ರೂಫ್ ಲೈಟಿನ ಹಳೆ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ರಾತ್ರಿ ಬೆಳಕೇನೋ ಚೆನ್ನಾಗಿತ್ತು. ಆದರೆ ಬಾಗಿಲು ಹಾಕಿದ ತಕ್ಷಣ ಗಕ್ಕನೆ ಕತ್ತಲು. ಕೀ ತೂರಿಸುವ ಜಾಗವನ್ನು ಬೆರಳಲ್ಲಿ ತಡಕಾಡಬೇಕಾಯಿತು. ಹಳೆ ಬಲ್ಬಿನ ತಂತಿ ತಣ್ಣಗಾಗಲು ಒಂದು ಕ್ಷಣವಾದರೂ ಬೇಕು. ಎಲ್‌ಇಡಿಗೆ ಆ ದಾಕ್ಷಿಣ್ಯವೂ ಇಲ್ಲ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೇ ನನಗೂ ಹೊಳೆಯಿತು. ಎಲ್‌ಇಡಿಗೆ ಅಡ್ಡಲಾಗಿ 4700 ಮೈಕ್ರೋಫ್ಯಾರಡ್‌ನ ದಪ್ಪ ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ತುಂಬಿಟ್ಟುಕೊಳ್ಳುವ ಬಿಡಿಭಾಗ) ಹಾಕಿದೆ. ಅರ್ಧ ಸೆಕೆಂಡೂ ನಿಲ್ಲಲಿಲ್ಲ. ಇಂಥ ಲೈಟುಗಳಲ್ಲಿ ಮೂರು ಮೂರು ಎಲ್‌ಇಡಿ ಸಾಲಾಗಿ ಇರುತ್ತವೆ. ವೋಲ್ಟೇಜ್ ಏಳೂವರೆ, ಎಂಟಕ್ಕೆ ಇಳಿದರೆ ಅವು ಆರಿದ ಹಾಗೇ. ಕೆಪಾಸಿಟರ್‌ನಲ್ಲಿ ಉಳಿದದ್ದೆಲ್ಲ ದಂಡ. ಹತ್ತು ಪಟ್ಟು ದೊಡ್ಡದು ಹಾಕಬಹುದಿತ್ತು, ಆದರೆ ಬಾಗಿಲು ತೆಗೆದಾಗಲೆಲ್ಲ ಅಷ್ಟು ಕರೆಂಟ್ ಒಮ್ಮೆಲೇ ಡೋರ್ ಸ್ವಿಚ್ ಮೇಲೆ ನುಗ್ಗುತ್ತದೆ. ಬೇಡ ಅನ್ನಿಸಿತು.

ಕೆಪಾಸಿಟರ್ ದೀಪವನ್ನು ಹೊರುವುದು ಬೇಡ, ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನ ಗೇಟನ್ನು, ಅಂದರೆ ಅದನ್ನು ಆನ್-ಆಫ್ ಮಾಡುವ ಕಾಲನ್ನು, ಹಿಡಿದುಕೊಂಡರೆ ಸಾಕು. ಗೇಟ್ ಕರೆಂಟನ್ನೇ ಕುಡಿಯುವುದಿಲ್ಲವಲ್ವಾ? ಫ್ಯೂಸ್ ಕಿತ್ತಿಟ್ಟು ಲೈಟ್ ಬಿಚ್ಚಿದೆ. ನನ್ನ ಕಾರಿನಲ್ಲಿ ಎಲ್‌ಇಡಿಗೆ 12 ವೋಲ್ಟ್ ಯಾವಾಗಲೂ ಇರುತ್ತದೆ. ಬಾಗಿಲು ತೆಗೆದಾಗ ಸ್ವಿಚ್ ಅದರ ನೆಗೆಟಿವ್ ಕಡೆಯನ್ನು ಅರ್ಥ್‌ಗೆ ಸೇರಿಸುತ್ತದೆ. ಹಾಗಾಗಿ ಗೇಟನ್ನು ಅರ್ಥ್ ಕಡೆಗೆ ಎಳೆದರೆ ಆನ್ ಆಗುವ ಪಿ-ಚಾನೆಲ್ ಮಾಸ್ಫೆಟ್ ಬೇಕಾಯಿತು, ಐಆರ್‌ಎಫ್ 9540 ತಗೊಂಡೆ. ಉಳಿದೆರಡು ಕಾಲುಗಳಲ್ಲಿ ಕರೆಂಟ್ ಒಳಬರುವ ಸೋರ್ಸ್ 12 ವೋಲ್ಟ್‌ಗೆ, ಹೊರಹೋಗುವ ಡ್ರೈನ್ ಎಲ್‌ಇಡಿಯ ಪಾಸಿಟಿವ್‌ಗೆ. ಎಲ್‌ಇಡಿಯ ನೆಗೆಟಿವ್ ಇನ್ನು ನೇರ ಬಾಡಿ ಅರ್ಥ್‌ಗೆ. ಮೊದಲು ಅಲ್ಲಿಗೆ ಬರುತ್ತಿದ್ದ ಸ್ವಿಚ್ ವೈರು ಈಗ 1 ಕಿಲೋ ಓಂ ರೆಸಿಸ್ಟರ್ ಮೂಲಕ ಗೇಟ್‌ಗೆ. ಗೇಟ್ ಮತ್ತು ಸೋರ್ಸ್ ನಡುವೆ 47 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಪ್ಲಸ್ ಸೋರ್ಸ್ ಕಡೆಗೆ. ಪಕ್ಕದಲ್ಲೇ, ಕೆಪಾಸಿಟರನ್ನು ನಿಧಾನಕ್ಕೆ ಖಾಲಿ ಮಾಡಲು, 100 ಕಿಲೋ ಓಂ ರೆಸಿಸ್ಟರ್. ಎಂಜಿನ್ ಓಡುವಾಗ ವೋಲ್ಟೇಜ್ 14 ದಾಟುತ್ತದೆ, ಆದ್ದರಿಂದ ಕೆಪಾಸಿಟರ್ 25 ವೋಲ್ಟಿನದು.

ಮೇಜಿನ ಮೇಲೆ ಅಡಾಪ್ಟರ್ ಕೊಟ್ಟು ನೋಡಿದರೆ ಕೆಲಸ ಮಾಡಿತು, ಆದರೆ ಸರಿಯಾಗಿ ಅಲ್ಲ. ಐದು ಸೆಕೆಂಡ್ ಪೂರ್ತಿ ಬೆಳಕು, ಆಮೇಲೆ ಒಂದೇ ಸೆಕೆಂಡಿನಲ್ಲಿ ಆರಿತು. ಗೇಟ್ ಮತ್ತು ಸೋರ್ಸ್ ನಡುವಿನ ವೋಲ್ಟೇಜ್ 12ರಿಂದ ನಾಲ್ಕರ ಹತ್ತಿರ ಇಳಿಯುವ ತನಕ ಮಾಸ್ಫೆಟ್‌ಗೆ ಏನೂ ಅನ್ನಿಸುವುದೇ ಇಲ್ಲ. ಮಂಕಾಗುವುದೆಲ್ಲ ನಾಲ್ಕರಿಂದ ಮೂರರ ನಡುವಿನ ಸಣ್ಣ ಇಳಿಜಾರಿನಲ್ಲಿ. ಹಾಗಾದರೆ 12ರ ತನಕ ತುಂಬಿಸುವುದೇ ಯಾಕೆ? ಕೆಪಾಸಿಟರ್‌ಗೆ ಅಡ್ಡಲಾಗಿ 5.6 ವೋಲ್ಟಿನ ಜೀನರ್ ಡಯೋಡ್ (ವೋಲ್ಟೇಜ್ ಅದಕ್ಕಿಂತ ಮೇಲೇರದ ಹಾಗೆ ತಡೆಯುವುದು) ಹಾಕಿದೆ, ಪಟ್ಟಿ ಇರುವ ತುದಿ ಸೋರ್ಸ್ ಕಡೆಗೆ. ಕೆಪಾಸಿಟರ್ ಅನ್ನು 100ಕ್ಕೆ ಏರಿಸಿದೆ. ಈಗ ನಾಲ್ಕು ಸೆಕೆಂಡ್ ನಿಂತು, ಎರಡು ಸೆಕೆಂಡಿಗೂ ಜಾಸ್ತಿ ಹೊತ್ತು ಮೆಲ್ಲಗೆ ಇಳಿಯುತ್ತದೆ. ಕೊನೆಗೆ ಎಲ್‌ಇಡಿಯ ಹಳದಿ ಚುಕ್ಕೆಗಳಷ್ಟೇ ಕೆಂಡದ ಹಾಗೆ ಕಾಣುತ್ತವೆ. ಅದನ್ನೇ ಹತ್ತು ಸಲ ನೋಡಿದೆ, ಸುಮ್ನೆ.

ಖುಷಿಯಿಂದ ಕಾರಿಗೆ ಕೂರಿಸಿದರೆ ಮತ್ತೆ ಗಕ್ಕನೆ ಕತ್ತಲು! ಒಂದು ಗಂಟೆ ತಲೆ ಕೆರೆದುಕೊಂಡೆ. ಸೋಲ್ಡರ್ ಎಲ್ಲ ಇನ್ನೊಮ್ಮೆ ನೋಡಿದೆ. ಕೊನೆಗೆ ಮಲ್ಟಿಮೀಟರ್ ಹಿಡಿದಾಗ ಗೊತ್ತಾಯಿತು: ಡ್ಯಾಶ್‌ಬೋರ್ಡಿನಲ್ಲಿ 'ಬಾಗಿಲು ತೆರೆದಿದೆ' ಅಂತ ತೋರಿಸುವ ಪುಟ್ಟ ಬಲ್ಬ್ ಕೂಡ ಅದೇ ವೈರಿಗೆ ಸೇರಿದೆ. ಬಾಗಿಲು ಹಾಕಿದ ಕೂಡಲೇ ಆ ಬಲ್ಬಿನ ಮೂಲಕ 12 ವೋಲ್ಟ್ ಬಂದು ನನ್ನ ಕೆಪಾಸಿಟರನ್ನು ಖಾಲಿ ಮಾಡುತ್ತಿತ್ತು. ಸ್ವಿಚ್ ವೈರಿನಲ್ಲಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದು) ಹಾಕಿದೆ, ಪಟ್ಟಿ ಸ್ವಿಚ್ ಕಡೆಗೆ. ಅಷ್ಟೇ, ಸರಿಹೋಯಿತು.

ಮಾಸ್ಫೆಟ್‌ನ ಲೋಹದ ಬೆನ್ನು ಡ್ರೈನ್‌ಗೆ ಸೇರಿರುತ್ತದೆ. ರೂಫಿನ ತಗಡಿಗೆ ತಾಗಿದರೆ ಶಾರ್ಟ್, ಆದ್ದರಿಂದ ಇಡೀ ಬೋರ್ಡಿಗೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ತೊಡಿಸಿದೆ. ಬಿಸಿಯ ಚಿಂತೆ ಇಲ್ಲ, ಲೈಟ್ ಎಳೆಯುವುದು 100 ಮಿಲಿಆಂಪ್ ಮಾತ್ರ. ಎಷ್ಟೋ ಹೊಸ ಕಾರುಗಳಲ್ಲಿ ಕಂಪ್ಯೂಟರೇ ದೀಪವನ್ನು ಮೆಲ್ಲಗೆ ಆರಿಸುತ್ತದೆ. ಅಂಥ ಕಾರಿಗೆ ಇದನ್ನು ಹಾಕಲು ಹೋಗಬೇಡಿ.

ಒಂದು ಪಜೀತಿ ಮಾತ್ರ ಉಳಿದಿದೆ. ಲೈಟಿನ ಸ್ವಿಚ್ಚನ್ನು ಕೈಯಿಂದ ಆಫ್ ಮಾಡಿದರೂ ಅದು ನಾಲ್ಕು ಸೆಕೆಂಡ್ ಉರಿಯುತ್ತಲೇ ಇರುತ್ತದೆ. "ಸ್ವಿಚ್ ಕೆಟ್ಟಿದೆ ನೋಡ್ರೀ" ಅಂತ ಹೆಂಡತಿ ಎರಡೆರಡು ಸಲ ಒತ್ತುತ್ತಾಳೆ. ಒತ್ತಿದಷ್ಟೂ ಅದು ಮತ್ತೆ ಮೊದಲಿಂದ ಶುರು.