ಸೊಳ್ಳೆಪರದೆ ಚೀಲದಲ್ಲಿ ಎಂಎಸ್‌ಸಿ ಪ್ರಾಜೆಕ್ಟ್: ನನ್ನ ಅನುಭವ

ಪರಿಸರ ವಿಜ್ಞಾನದ ಎಂಎಸ್‌ಸಿಯಲ್ಲಿ ಹತ್ತಕ್ಕೆ ಎಂಟು ಜನ ಕೆರೆ ನೀರು ತಂದು ಪಿಎಚ್, ಡಿಒ, ಬಿಒಡಿ (ನೀರಿನ ಆಮ್ಲೀಯತೆ, ಆಮ್ಲಜನಕದ ಅಳತೆಗಳು) ನೋಡಿ ಪ್ರಾಜೆಕ್ಟ್ ಮುಗಿಸುತ್ತಾರೆ. ನಾನು ಲಿಟರ್‌ಬ್ಯಾಗ್ (ಉದುರಿದ ಎಲೆಯನ್ನು ಬಲೆ ಚೀಲದಲ್ಲಿ ತುಂಬಿ ನೆಲದಲ್ಲಿಟ್ಟು, ಎಷ್ಟು ಕೊಳೆಯಿತು ಎಂದು ತೂಗಿ ನೋಡುವ ಪ್ರಯೋಗ) ಮಾಡುತ್ತೇನೆ ಅಂದಾಗ ಗೈಡ್, "ಒಂದು ಮಳೆಗಾಲದಲ್ಲಿ ಏನು ಡೇಟಾ ಬರುತ್ತಮ್ಮಾ? ಸುಮ್ನೆ ಕೆರೆ ತಗೋ" ಅಂದರು. ಡೇಟಾ ಬಂತು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅರ್ಧ ಹೊತ್ತು ಚೀಲದ ಬಗ್ಗೆಯೇ ಕೇಳಿದರು. ಈಗ ಜೂನಿಯರ್‌ಗಳು ದಿನಾ ಫೋನ್ ಮಾಡುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಜಾಗ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮೂರು. ಒಂದು ಕಡೆ ಸೊಪ್ಪಿನಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು, ದರಕು ತರುವ ಕಾಡು), ಅದಕ್ಕೆ ತಾಗಿಕೊಂಡೇ ಅಕೇಶಿಯಾ ಪ್ಲಾಂಟೇಶನ್. ಮತ್ತಿ, ನಂದಿ, ಹೊನ್ನೆ ಎಲೆಗೂ ಅಕೇಶಿಯಾದ ದಪ್ಪ ಎಲೆಗೂ ಕೊಳೆಯುವ ವೇಗದಲ್ಲಿ ಎಷ್ಟು ವ್ಯತ್ಯಾಸ, ಇಷ್ಟೇ ಪ್ರಶ್ನೆ. ಅಕೇಶಿಯಾದ್ದು ನಿಜವಾಗಿ ಎಲೆಯಲ್ಲ, ಫಿಲೋಡ್, ಚಪ್ಪಟೆಯಾದ ತೊಟ್ಟು. ತೋಟಕ್ಕೆ ಹಾಕಿದರೆ ಬೇಗ ಕರಗುವುದಿಲ್ಲ ಎಂದು ಊರಲ್ಲಿ ಎಲ್ಲರಿಗೂ ಗೊತ್ತು. ಪಕ್ಕದ ಮನೆ ಮಾವ ನಕ್ಕರು: "ತಂಗಿ, ದರಕಿಗೆ (ಉದುರಿದ ಒಣ ಎಲೆಗೆ) ಯಾರಾದ್ರೂ ಚೀಲ ಹೊಲಿಸ್ತಾರಾ?"

ರೆಡಿಮೇಡ್ ನೈಲಾನ್ ಮೆಶ್ ವಿಚಾರಿಸಿದರೆ ಮೀಟರಿಗೆ ಹೇಳಿದ ರೇಟು ಕೇಳಿ ಅಲ್ಲೇ ಬಿಟ್ಟೆ. ಸೊಳ್ಳೆಪರದೆ ಬಟ್ಟೆ ಸುಮಾರು 600 ರೂಪಾಯಿಗೆ ಎಲ್ಲಾ ಚೀಲಕ್ಕೂ ಸಾಕಾಯಿತು. ಟೈಲರ್ ಚೀಲಕ್ಕೆ ಐದೋ ಆರೋ ರೂಪಾಯಿ ತೆಗೆದುಕೊಂಡ. ಅವನು ಹಾಕಿದ್ದು ಹತ್ತಿ ದಾರ. ಜುಲೈ ಹೊತ್ತಿಗೆ ದಾರ ಎಲೆಗಿಂತ ಮೊದಲೇ ಕೊಳೆತು ಅರ್ಧಕ್ಕರ್ಧ ಚೀಲ ಬಾಯಿ ಬಿಟ್ಟವು. ಉಳಿದ ಕೆಲವನ್ನು ದನ ಎಳೆದು ಹಾಕಿದವು. ಗುರುತಿಗೆ ಕಟ್ಟಿದ ಕೆಂಪು ರಿಬ್ಬನ್ ದನಕ್ಕೂ ಮಕ್ಕಳಿಗೂ ಸಮಾನ ಆಕರ್ಷಣೆ! ಆ ವರ್ಷ ಅಲ್ಲಿಗೇ ಹೋಯಿತು. ಪುಣ್ಯಕ್ಕೆ ಆಗಿನ್ನೂ ಎರಡನೇ ಸೆಮಿಸ್ಟರ್.

ಮುಂದಿನ ವರ್ಷ ಮೀನು ಗಾಳದ ನೈಲಾನ್ ದಾರದಲ್ಲಿ ಕೈಯಲ್ಲೇ ಹೊಲಿದೆ. ಪರ್ಮನೆಂಟ್ ಅನ್ನುವ ಮಾರ್ಕರ್ ಒಂದು ತಿಂಗಳ ಮಳೆಗೆ ಮಾಯ. ಕೂಲ್‌ಡ್ರಿಂಕ್ ಡಬ್ಬ ಕತ್ತರಿಸಿ, ಬಾಲ್‌ಪೆನ್ನಿನಿಂದ ಒತ್ತಿ ನಂಬರ್ ಬರೆದು ಚೀಲದ ಒಳಗೇ ಹಾಕಿದೆ. ಒಂದೂ ಅಳಿಸಲಿಲ್ಲ. ಇಳಿಜಾರಿನಲ್ಲಿ ಚೀಲ ಕೊಚ್ಚಿ ಹೋಗದಂತೆ, ದನದ ಕಣ್ಣಿಗೂ ಬೀಳದಂತೆ ಕೂರಿಸಲು ಒಂದು ಉಪಾಯ ಇದೆ. ನಮ್ಮ ಸಂಶೋಧನಾ ಪೇಪರ್ ಪ್ರಕಟವಾಗುವ ತನಕ ಅದನ್ನು ಕೇಳಬೇಡಿ.

ತೂಕಕ್ಕೆ ಆನ್‌ಲೈನ್‌ನಲ್ಲಿ ಸಿಗುವ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ. ಏಳೆಂಟು ನೂರು ಇರಬೇಕು. ಚೀಲಕ್ಕೆ 10 ಗ್ರಾಂ ಎಲೆ ಅಂದಮೇಲೆ ಅದಕ್ಕಿಂತ ಸೂಕ್ಷ್ಮ ಬೇಕಿಲ್ಲ. ಲ್ಯಾಬಿನ ಬ್ಯಾಲೆನ್ಸ್ ಜೊತೆ ಹೋಲಿಸಿಯೂ ನೋಡಿದೆ, ಪರವಾಗಿಲ್ಲ.

ಒಣಗಿಸುವುದೇ ದೊಡ್ಡ ತಲೆನೋವು. ವಿಭಾಗದ ಓವನ್‌ಗೆ ಯಾವಾಗಲೂ ಕ್ಯೂ. ಮರದ ಪೆಟ್ಟಿಗೆಗೆ ಎರಡು ಬಲ್ಬ್ ಹಾಕಿ 60 ಡಿಗ್ರಿಗೆ ತಂದೆ. ನಮ್ಮೂರ ಮಳೆಗಾಲದ ಕರೆಂಟ್ ಗೊತ್ತಲ್ಲ, ಎರಡು ದಿನ ಹೋಗಿ ಎಲೆಗೆಲ್ಲ ಬೂಸ್ಟು. ಕೊನೆಗೆ ಕೈ ಹಿಡಿದದ್ದು ಬಚ್ಚಲ ಒಲೆಯ ಮೇಲಿನ ಅಟ್ಟ. ಅಲ್ಲಿ ಗರಿಗರಿ ಮಾಡಿಟ್ಟುಕೊಂಡು, ಎಲ್ಲ ಸೇರಿಸಿ ಒಂದೇ ಸಲ ಓವನ್‌ಗೆ 65 ಡಿಗ್ರಿಯಲ್ಲಿ 48 ಗಂಟೆ.

ಆದರೂ ಮೊದಲ ಲೆಕ್ಕ ಹಾಕಿದಾಗ 10 ಗ್ರಾಂ ಎಲೆ ಕೆಲವು ಚೀಲದಲ್ಲಿ 11 ಗ್ರಾಂ ಆಗಿತ್ತು. "ಕೊಳೆಯೋದು ಬಿಟ್ಟು ಬೆಳೀತಾ ಇದೆಯಾ?" ಎಂದು ಸೆಮಿನಾರಿನಲ್ಲಿ ಎಲ್ಲರೂ ನಕ್ಕರು. ಕೆಂಪು ಮಣ್ಣು, ಜೊತೆಗೆ ಗೆದ್ದಲು ಮೆತ್ತಿದ ಮಣ್ಣು. ತೊಳೆದರೆ ಎಲೆಯೂ ಹೋಗುತ್ತದೆ. ಒಂದೇ ದಾರಿ: ಪುಡಿ ಮಾಡಿ, ಒಂದು ಗ್ರಾಂ ತೆಗೆದು, ಲ್ಯಾಬಿನ ಅತಿ ಬಿಸಿಯ ಕುಲುಮೆಯಾದ ಮಫಲ್ ಫರ್ನೇಸ್‌ನಲ್ಲಿ 550 ಡಿಗ್ರಿಗೆ ನಾಲ್ಕು ಗಂಟೆ ಸುಟ್ಟು, ಉಳಿದ ಬೂದಿ ಕಳೆದು ಲೆಕ್ಕ ಮಾಡುವುದು. ಎಲೆ ಸುಟ್ಟು ಹೋಗುತ್ತದೆ, ಮಣ್ಣು ಬೂದಿಯ ಜೊತೆ ಉಳಿಯುತ್ತದೆ. ಎಲೆಗೂ ತನ್ನದೇ ಸ್ವಲ್ಪ ಬೂದಿ ಇರುವುದರಿಂದ ಶುರುವಿನ ಎಲೆಯ ಬೂದಿಯನ್ನೂ ನೋಡಿಟ್ಟುಕೊಳ್ಳಬೇಕು. ಹೊರಗಿನ ಲ್ಯಾಬಿನಲ್ಲಿ ಸ್ಯಾಂಪಲ್ಲಿಗೆ 40 ರೂಪಾಯಿ ಆಸುಪಾಸು. ಇಡೀ ಪ್ರಾಜೆಕ್ಟಿನ ಐದು ಸಾವಿರ ಚಿಲ್ಲರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದದ್ದು ಇದಕ್ಕೇ. ಬೂದಿ ಕಳೆದ ಮೇಲೆ ಗ್ರಾಫ್ ನೆಟ್ಟಗಾಯಿತು. ಮಳೆಗಾಲ ಮುಗಿಯುವಾಗ ಬೆಟ್ಟದ ಎಲೆ ಕಾಲು ಭಾಗದಷ್ಟು ಉಳಿದಿತ್ತು, ಅಕೇಶಿಯಾ ಅರ್ಧಕ್ಕಿಂತ ಮೇಲೆ.

ಮಧ್ಯೆ ಈರುಳ್ಳಿ ಚೀಲದ ದೊಡ್ಡ ಕಣ್ಣಿನ ಬಲೆಯಲ್ಲೂ ಕೆಲವು ಇಟ್ಟೆ. ಎರೆಹುಳ, ಸಹಸ್ರಪದಿ ನುಗ್ಗಿ ಬೆಟ್ಟದ ಎಲೆ ಇನ್ನೂ ಬೇಗ ಖಾಲಿಯಾಯಿತು. ಸಾಗಿಸುವಾಗ ಚೂರು ಉದುರುತ್ತದೆ, ಆ ನಷ್ಟ ಎಷ್ಟೆಂದು ತಿಳಿಯಲು ಸುಮ್ನೆ ಒಯ್ದು ವಾಪಸ್ ತರುವ ಚೀಲ ನಾಲ್ಕೈದಾದರೂ ಇರಲಿ. ಮಾವನ ಒತ್ತಾಯಕ್ಕೆ ಕೆಲವು ಚೀಲಕ್ಕೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲದ ದ್ರವಗೊಬ್ಬರ) ಹಾಕಿದೆ. ನನಗೆ ವ್ಯತ್ಯಾಸ ಕಾಣಲಿಲ್ಲ, ಅವರು ಇವತ್ತಿಗೂ ಒಪ್ಪಿಲ್ಲ. ಕೊಳೆಯುವ ವೇಗ ಅಳೆಯಲು ಹಸಿರು ಚಹಾ, ರೂಯ್ಬೋಸ್ (ದಕ್ಷಿಣ ಆಫ್ರಿಕಾದ ಕೆಂಪು ಚಹಾ) ಚೀಲಗಳನ್ನು 8 ಸೆಂಟಿಮೀಟರ್ ಆಳದಲ್ಲಿ 90 ದಿನ ಹೂಳುವ ಟೀ ಬ್ಯಾಗ್ ವಿಧಾನವನ್ನೂ ನೋಡೋಣ ಅಂದುಕೊಂಡೆ. ರೂಯ್ಬೋಸ್ ಬೆಲೆ ನೋಡಿ ಹಸಿರು ಚಹಾವನ್ನು ಕುಡಿದೇ ಮುಗಿಸಿದೆ.

ಮಾಡುವವರು ಫೆಬ್ರವರಿ, ಮಾರ್ಚಿನಲ್ಲಿ ಉದುರುವ ಎಲೆಯನ್ನೇ ಹಿಡಿದಿಡಿ, ಮೇ ಕೊನೆಯೊಳಗೆ ಚೀಲ ನೆಲಕ್ಕೆ ಹೋಗಲಿ. ಜೂನ್ ಬಂದಮೇಲೆ ಶುರುವಿನ ತೂಕಕ್ಕೆ ಒಣ ಎಲೆ ಸಿಗುವುದೇ ಕಷ್ಟ.